ಸೋಪಿಗೆ ಕರಗುವ ನೂಲು: ಕಡಲಕಳೆಯಿಂದ ಬಟ್ಟೆ ನೇಯಬಹುದೇ?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಕಡಲ ಬದಿಯ ಊರು. ಅತ್ತೆಯ ಕಾಲದಿಂದ ಮನೆಯಲ್ಲಿ ಮಗ್ಗವಿದೆ, ನಾನೂ ಉಡುಪಿ ಸೀರೆ ನೇಯುತ್ತೇನೆ. ಬೆಂಗಳೂರಿನಲ್ಲಿರುವ ಮಗಳು ಕಳೆದ ತಿಂಗಳು ‘ಕಡಲಕಳೆಯ ನಾರಿನಿಂದ ಮಾಡಿದ್ದು’ ಎಂಬ ಚೀಟಿಯಿದ್ದ ಅಂಗಿಯೊಂದನ್ನು ತಂದಳು. ಮುಟ್ಟಿದರೆ ರೇಷ್ಮೆಯಷ್ಟು ನಯ. ಮಳೆಗಾಲ ಕಳೆದ ಮೇಲೆ ನಮ್ಮ ಬಂಡೆಗಳ ಮೇಲೆ ಕಂದು ಬಣ್ಣದ ಕಳೆ ಬೆಳೆಯುತ್ತದೆ, ದಡಕ್ಕೂ ಬಂದು ಕೊಳೆಯುತ್ತದೆ. ಸ್ವಸಹಾಯ ಸಂಘದ ಹದಿನೈದು ಮಂದಿ ಸೇರಿ ಅದರಿಂದ ರಾಸಾಯನಿಕ ಬಳಸದೆ ನೂಲು ತೆಗೆಯಬಹುದೇ? ಆ ನೂಲು ಮಗ್ಗದ ಮೇಲೆ ನಿಲ್ಲುತ್ತದೆಯೇ? ಕಡಲಕಳೆ ಕೃಷಿಗೆ ಸರಕಾರ ಸಹಾಯಧನ ಕೊಡುತ್ತದಂತೆ, ಅದನ್ನು ಇದಕ್ಕೆ ಬಳಸಬಹುದೇ?

ಉತ್ತರ: ಮೊದಲು ಮಗಳ ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿ, ಹೊಲಿಗೆಯ ಬದಿಯಲ್ಲಿರುವ ಸಣ್ಣ ಚೀಟಿಯನ್ನು ಓದಿ. ‘ಲಯೋಸೆಲ್’ ಎಂಬ ಪದ ಅಲ್ಲಿ ಇದ್ದೇ ಇರುತ್ತದೆ ಎಂದು ನಾನು ಅಂಗಿಯನ್ನು ನೋಡದೆಯೇ ಹೇಳಬಲ್ಲೆ. ಮಾರುಕಟ್ಟೆಯಲ್ಲಿ ಕಡಲಕಳೆಯ ಹೆಸರಿನಲ್ಲಿ ಸಿಗುವ ಬಟ್ಟೆಯಲ್ಲಿ ಹೆಚ್ಚಿನದು ಮರದ ತಿರುಳಿನಿಂದ ತೆಗೆದ ಈ ಲಯೋಸೆಲ್ ನಾರು. ಜರ್ಮನಿಯ ಸಂಸ್ಥೆಯೊಂದರ ‘ಸೀಸೆಲ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಮರದ ತಿರುಳನ್ನು ಒಂದು ಸಾವಯವ ದ್ರಾವಕದಲ್ಲಿ ಕರಗಿಸಿ, ಆ ಪಾಕಕ್ಕೆ ಉತ್ತರ ಅಟ್ಲಾಂಟಿಕ್ ತೀರದ ಕಂದು ಕಳೆಯ ನುಣ್ಣನೆಯ ಪುಡಿಯನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ ಎಳೆ ತೆಗೆಯುತ್ತಾರೆ. ನೀವು ಮುಟ್ಟಿದ ನಯ ಲಯೋಸೆಲ್‌ನದು, ಕಳೆಯದಲ್ಲ. ಇದು ಮೋಸವೇನಲ್ಲ. ಲಯೋಸೆಲ್ ವಿಧಾನವೇ ಸಾಕಷ್ಟು ಶುದ್ಧವಾದದ್ದು, ದ್ರಾವಕದ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮತ್ತೆ ಬಳಕೆಗೆ ಹಿಂತಿರುಗುತ್ತದೆ. ಆದರೆ ‘ಕಳೆಯಲ್ಲಿರುವ ಖನಿಜ, ವಿಟಮಿನ್ ಮೈಗೆ ಇಳಿಯುತ್ತದೆ’ ಎಂದು ಅಂಗಡಿಯವರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2007ರಲ್ಲಿ ಅಮೆರಿಕದ ಪತ್ರಿಕೆಯೊಂದು ಇಂಥ ಅಂಗಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿತು. ಖನಿಜದ ಮಟ್ಟದಲ್ಲಿ ಅದಕ್ಕೂ ಸಾಮಾನ್ಯ ಹತ್ತಿ ಅಂಗಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆ ಆರೋಗ್ಯದ ಮಾತುಗಳನ್ನು ಕೆನಡಾದಲ್ಲಿ ಚೀಟಿಯಿಂದ ತೆಗೆಯಬೇಕಾಯಿತು.

ನೀವು ಕೇಳಿದ್ದು ಬೇರೆ: ಕಳೆಯೇ ನೂಲಾಗಬೇಕು. ಅದೂ ಸಾಧ್ಯ. ಎಂಬತ್ತು ವರ್ಷಗಳ ಹಿಂದೆಯೇ ಮಾಡಿದ್ದಾರೆ. ಆದರೆ ಆ ನೂಲಿಗೊಂದು ಗುಣವಿದೆ. ಅದನ್ನು ತಿಳಿಯದೆ ಸಂಘದ ಹಣ ಹಾಕಿದರೆ ಮೊದಲ ಒಗೆತಕ್ಕೇ ಬಟ್ಟೆ ಹೋಗುತ್ತದೆ. ಉತ್ಪ್ರೇಕ್ಷೆಯಲ್ಲ, ಅಕ್ಷರಶಃ ಹೋಗುತ್ತದೆ.

ಕಂದು ಕಳೆಯ ಗೋಡೆಯಲ್ಲಿ ಆಲ್ಜಿನೇಟ್ ಎಂಬ ಲೋಳೆಯಂಥ ವಸ್ತುವಿದೆ. ಅಲೆಯ ಹೊಡೆತಕ್ಕೆ ಮುರಿಯದೆ ಬಳುಕುವ ಶಕ್ತಿಯನ್ನು ಕಳೆಗೆ ಕೊಡುವುದು ಅದೇ. ಬ್ರಿಟಿಷ್ ರಸಾಯನತಜ್ಞ ಸ್ಟ್ಯಾನ್‌ಫರ್ಡ್ 1881ರಲ್ಲಿ ಇದನ್ನು ಬೇರ್ಪಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ನೇಕಾರರ ಮನೆಯವರಾದ ನಿಮಗೆ ಈ ವಸ್ತು ಪೂರ್ತಿ ಹೊಸದಲ್ಲ. ಹತ್ತಿ ಬಟ್ಟೆಗೆ, ನಾರಿನ ಜತೆಗೇ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣದಲ್ಲಿ ಅಚ್ಚು ಹಾಕುವ ಕಡೆ ಬಣ್ಣದ ಗಂಜಿ ಮಂದವಾಗಲು ಹಾಕುವ ತಿಳಿಹಳದಿ ಪುಡಿ ಇದೇ, ಸೋಡಿಯಂ ಆಲ್ಜಿನೇಟ್. ಅಲ್ಲಿ ಪಿಷ್ಟದ ಗಂಜಿ ಹಾಕಿದರೆ ಬಣ್ಣ ಬಟ್ಟೆಯನ್ನು ಬಿಟ್ಟು ಗಂಜಿಗೇ ಅಂಟುತ್ತದೆ, ಬಟ್ಟೆ ಹಪ್ಪಳದಂತೆ ಸೆಟೆಯುತ್ತದೆ. ಆಲ್ಜಿನೇಟ್ ಬಣ್ಣದ ಗೊಡವೆಗೆ ಹೋಗುವುದಿಲ್ಲ, ಕೆಲಸ ಮುಗಿದ ಮೇಲೆ ತೊಳೆದು ಹೋಗುತ್ತದೆ. ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಬಾಯೊಳಗೆ ಇಡುವ ಮೆತ್ತನೆಯ ಮುದ್ದೆಯೂ ಇದೇ ಬಳಗದ್ದು.

ಇದು ನೂಲಾಗುವ ಬಗೆಯನ್ನು ನೀವು ಅಡುಗೆಮನೆಯಲ್ಲಿಯೇ ನೋಡಬಹುದು. ನೋಡಲೇಬೇಕು ಎನ್ನುತ್ತೇನೆ, ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ಆಹಾರಕ್ಕೆ ಬಳಸುವ ದರ್ಜೆಯ ಸೋಡಿಯಂ ಆಲ್ಜಿನೇಟ್ 2 ಗ್ರಾಂ ತೆಗೆದುಕೊಳ್ಳಿ. 100 ಮಿಲಿಲೀಟರ್ ಶುದ್ಧ ನೀರಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ಕಲಕಿ. ರಾಗಿ ಹಿಟ್ಟಿನಂತೆಯೇ ಇದು, ಒಟ್ಟಿಗೆ ಸುರಿದರೆ ಗಂಟು. ಬೋರ್‌ವೆಲ್ ನೀರು ಬೇಡ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಆಗಲೇ ಹಿಡಿದುಕೊಂಡು ಬಿಳಿ ಕಣಗಳಾಗುತ್ತವೆ. ರಾತ್ರಿಯಿಡೀ ಮುಚ್ಚಿಟ್ಟರೆ ಗುಳ್ಳೆಗಳು ಮೇಲೆದ್ದು ಹೋಗಿ, ಬೆಳಗ್ಗೆ ಒಂದೆಳೆ ಪಾಕದ ಹದ ಬಂದಿರುತ್ತದೆ. ಅಗಲ ಬಾಯಿಯ ಇನ್ನೊಂದು ಪಾತ್ರೆಯಲ್ಲಿ 5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಅನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿಡಿ. ಪಾಕವನ್ನು ಸಿರಿಂಜಿಗೆ ತುಂಬಿ, ಸೂಜಿಯ ತುದಿಯನ್ನು ಆ ನೀರೊಳಗೆ ಮುಳುಗಿಸಿ ನಿಧಾನವಾಗಿ ಒತ್ತಿ. ಶಾವಿಗೆ ಒರಳನ್ನು ನೇರ ನೀರೊಳಗೇ ಒತ್ತಿದಂತೆ. ಹೊರಬಂದ ಕ್ಷಣವೇ ಪಾಕ ಎಳೆಯಾಗಿ ನಿಲ್ಲುತ್ತದೆ. ತುದಿಯನ್ನು ಚಿಮಟಿಗೆಯಲ್ಲಿ ಹಿಡಿದೆತ್ತಿ, ಪೆನ್ಸಿಲಿಗೆ ಸುತ್ತುತ್ತಾ ಹೋದರೆ ಹೊಳಪಿನ, ಕೂದಲೆಳೆಯಂಥ ದಾರ ಬರುತ್ತದೆ. ಒಲೆ ಬೇಡ, ಆಮ್ಲ ಬೇಡ, ವಾಸನೆಯಿಲ್ಲ.

ನೀರೊಳಗೆ ಆಗಿದ್ದು ಇಷ್ಟು. ಆಲ್ಜಿನೇಟ್ ಎಂದರೆ ಎರಡು ಬಗೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಗುಲುರಾನಿಕ್ ಆಮ್ಲದ ಮಣಿಗಳು ಒಂದೆಡೆ ಸಾಲಾಗಿ ಬಂದಾಗ ಸರ ಅಂಕುಡೊಂಕಾಗಿ ಮಡಿದು, ಮೊಟ್ಟೆ ಜೋಡಿಸುವ ಟ್ರೇಯಂತೆ ಗುಳಿಗಳು ಏಳುತ್ತವೆ. ಕ್ಯಾಲ್ಸಿಯಂ ಆ ಗುಳಿಯಲ್ಲಿ ಮೊಟ್ಟೆಯಂತೆ ಕೂರುತ್ತದೆ, ಮೇಲಿನಿಂದ ಇನ್ನೊಂದು ಸರ ಮುಚ್ಚಿಕೊಳ್ಳುತ್ತದೆ. ಎರಡು ಸರ ಕಟ್ಟಿಕೊಂಡವು. ಹೀಗೆ ಲಕ್ಷಾಂತರ ಕಟ್ಟು ಬಿದ್ದಾಗ ಅದು ನಾರು. ಕಾರ್ಖಾನೆಯಲ್ಲಿಯೂ ಇದೇ ತತ್ತ್ವ. ಸಿರಿಂಜಿನ ಬದಲು ಸಾವಿರಾರು ಸೂಕ್ಷ್ಮ ರಂಧ್ರಗಳ ತಟ್ಟೆ, ಪಾಕ ಇನ್ನೂ ಮಂದ, ಪೆನ್ಸಿಲಿನ ಬದಲು ಒಂದಕ್ಕಿಂತ ಒಂದು ವೇಗವಾಗಿ ಸುತ್ತುವ ಉರುಳೆಗಳು. ಆ ಎಳೆತದಲ್ಲಿ ಸರಗಳು ಒಂದೇ ದಿಕ್ಕಿಗೆ ಮಲಗಿ ನಾರು ಗಟ್ಟಿಯಾಗುತ್ತದೆ.

ಈಗ ಪ್ರಯೋಗದ ದ್ವಿತೀಯಾರ್ಧ. ಒಣಗಿದ ಆ ದಾರವನ್ನು ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಹಾಕಿ, ಅರ್ಧ ಚಮಚ ವಾಷಿಂಗ್ ಸೋಡಾ ಬೆರೆಸಿ ನೋಡುತ್ತಿರಿ. ದಾರ ಮೊದಲು ಉಬ್ಬುತ್ತದೆ, ಬಸಳೆಯ ಲೋಳೆಯಂತೆ ಜಾರತೊಡಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಲೋಟದಲ್ಲಿ ದಾರವೇ ಇರುವುದಿಲ್ಲ. ಸೋಡಾದಲ್ಲಿರುವ ಕಾರ್ಬೊನೇಟ್ ಕ್ಯಾಲ್ಸಿಯಂ ಅನ್ನು ಸೆಳೆದುಕೊಂಡಿತು, ಅದರ ಜಾಗಕ್ಕೆ ಸೋಡಿಯಂ ಬಂತು. ಸೋಡಿಯಂಗೆ ಎರಡು ಸರಗಳನ್ನು ಹಿಡಿದು ಕಟ್ಟುವ ಶಕ್ತಿಯಿಲ್ಲ. ಮೊಟ್ಟೆ ತೆಗೆದರೆ ಟ್ರೇಗಳು ಕಳಚಿಕೊಂಡವು. ಬಟ್ಟೆ ಒಗೆಯುವ ಪುಡಿಯಲ್ಲಿ ಈ ಸೋಡಾ ಇರುತ್ತದೆ, ಜತೆಗೆ ನೀರಿನ ಗಡಸುತನವನ್ನು ಕಳೆಯಲೆಂದೇ ಹಾಕಿದ ಪದಾರ್ಥಗಳೂ ಇರುತ್ತವೆ. ಗಡಸುತನ ಕಳೆಯುವುದು ಎಂದರೆ ಕ್ಯಾಲ್ಸಿಯಂ ಕೀಳುವುದು ಎಂದೇ ಅರ್ಥ. ನಾನು ಉದ್ಯೋಗಕ್ಕೆ ಸೇರಿದ ಹೊಸದರಲ್ಲಿ, ಮೂರು ದಿನ ಕುಳಿತು ಎಳೆದ ಪುಟ್ಟ ಲಡಿಯೊಂದನ್ನು ‘ಜಿಡ್ಡು ಹೋಗಲಿ’ ಎಂದು ಬಾರ್ ಸೋಪಿನ ನೀರಿನಲ್ಲಿ ನೆನೆಹಾಕಿ ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಬಟ್ಟಲಲ್ಲಿ ಗಂಜಿ. ಅಂದಿನಿಂದ ಈ ನೂಲಿನ ಬಗ್ಗೆ ಮಾತಾಡುವಾಗ ನಾನು ಬಲದ ಲೆಕ್ಕಕ್ಕಿಂತ ಮೊದಲು ಸೋಪಿನ ವಿಷಯ ಎತ್ತುತ್ತೇನೆ.

ಬಲದಲ್ಲಿಯೂ ಇದು ಹತ್ತಿಗೆ ಸಾಟಿಯಲ್ಲ. ಒಣಗಿದಾಗ ಬಿರುಸು, ಬಾಗಿಸಿದರೆ ಮುರಿಯುವ ಸ್ವಭಾವ. ಹತ್ತಿ ನೆನೆದರೆ ಇನ್ನಷ್ಟು ಗಟ್ಟಿಯಾಗುತ್ತದೆ, ಇದು ನೆನೆದರೆ ಸೋಲುತ್ತದೆ. ತೂಕವೂ ಹೆಚ್ಚು. ಹೀಗಿರುವ ಎಳೆಯನ್ನು ಮಗ್ಗದ ಉದ್ದೆಳೆಯಾದ ಹಾಸಾಗಿ ಹಾಕಿ ಹಣಿಗೆಯ ಉಜ್ಜಾಟಕ್ಕೆ ಒಡ್ಡಿದರೆ ನೇಯುವುದಕ್ಕಿಂತ ಕಡಿದ ಎಳೆ ಕಟ್ಟುವುದೇ ಹೆಚ್ಚಾದೀತು. ಅಡ್ಡೆಳೆಯಾದ ಹೊಕ್ಕಿಗಾದರೆ ನಡೆಯುತ್ತದೆ, ಲಾಳಿಯಲ್ಲಿ ಎಳೆಗೆ ಅಷ್ಟು ಬಿಗಿ ಬೀಳುವುದಿಲ್ಲ.

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಜವಳಿ ವಿಭಾಗದ ಪ್ರಾಧ್ಯಾಪಕ ಸ್ಪೀಕ್‌ಮನ್ ಮತ್ತು ಸಂಗಡಿಗರು ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಇದೇ ಗೋಡೆಗೆ ತಲೆ ಚಚ್ಚಿಕೊಂಡವರು. ಕಡಲಿನಿಂದ ರೇಯಾನ್ ತೆಗೆಯಬೇಕೆಂಬುದು ಅವರ ಆಸೆ. ಕ್ಯಾಲ್ಸಿಯಂ ಬದಲು ಕ್ರೋಮಿಯಂ ಕೂರಿಸಿದರು. ಸೋಡಾಕ್ಕೆ ಜಗ್ಗದ ನೂಲೇನೋ ಬಂತು, ಜತೆಗೆ ಅಳಿಸಲಾಗದ ಹಸಿರು ಬಣ್ಣವೂ ಬಂತು. ಸೇನೆಯ ಮರೆಮಾಚುವ ಬಲೆಗೆ ಆ ಬಣ್ಣ ಸರಿ, ರವಿಕೆಗೆ ಹೇಗೆ? ಬೆರಿಲಿಯಂ ಕೂಡ ಪ್ರಯತ್ನಿಸಿದರು. ಅದು ವಿಷ. ಪರಿಸರಸ್ನೇಹಿ ನೂಲು ಮಾಡಲು ಹೊರಟು ಕ್ರೋಮಿಯಂ ಕೊಚ್ಚೆ ಹರಿಸುವ ದಾರಿ ನಮಗಂತೂ ಬೇಡ.

ಜಾಣತನ ಬೇರೆ ಕಡೆಯಿಂದ ಬಂತು. ಕರಗುವುದೇ ಇದರ ಗುಣವಾದರೆ ಕರಗಬೇಕಾದ ಕಡೆ ಬಳಸೋಣ ಎಂದು ಕೆಲವರು ಯೋಚಿಸಿದರು. ಕಾಲುಚೀಲದ ಯಂತ್ರ ಒಂದರ ಹಿಂದೆ ಒಂದು ಚೀಲವನ್ನು ಹೆಣೆಯುತ್ತಾ ಹೋಗುತ್ತದೆ. ನಡುವೆ ಎರಡು ಸಾಲು ಆಲ್ಜಿನೇಟ್ ನೂಲು ಹಾಕಿದರೆ, ಸೋಪಿನ ನೀರಿಗೆ ಅದ್ದಿದ ಕೂಡಲೆ ಅವು ತಾವಾಗಿ ಬಿಡಿಬಿಡಿಯಾಗುತ್ತವೆ, ಕತ್ತರಿ ಬೇಕಿಲ್ಲ. ಜಾಲರಿ ಕಸೂತಿಯನ್ನು ಆಲ್ಜಿನೇಟ್ ಬಟ್ಟೆಯ ಮೇಲೆ ಹಾಕಿ ಬಟ್ಟೆಯನ್ನು ಕರಗಿಸಿದರೆ ಕಸೂತಿ ಮಾತ್ರ ಉಳಿಯುತ್ತದೆ. ತಾನೊಂದೇ ಮಗ್ಗದ ಬಿಗಿಯನ್ನು ತಾಳದ ಸೂಕ್ಷ್ಮ ಉಣ್ಣೆ ಎಳೆಗೆ ಆಲ್ಜಿನೇಟ್ ಎಳೆಯನ್ನು ಜತೆಗೂಡಿಸಿ ಹುರಿ ಮಾಡಿ ನೇಯ್ದು, ಆಮೇಲೆ ಆಸರೆಯನ್ನು ಕರಗಿಸಿ, ಗಾಳಿಯಷ್ಟು ಹಗುರವಾದ ಬಟ್ಟೆ ಮಾಡಿದರು. ಮನೆ ಕಟ್ಟುವಾಗ ಸಾರುವೆ ಕಟ್ಟಿ ಆಮೇಲೆ ಬಿಚ್ಚುತ್ತೇವಲ್ಲ, ಹಾಗೆ. ಈಗ ಇದೇ ಕೆಲಸವನ್ನು ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪೆಟ್ರೋಲಿಯಂ ಮೂಲದ ನೂಲು ಮಾಡುತ್ತದೆ. ನೀವು ಅಂಗಡಿಯಲ್ಲಿ ಮುಟ್ಟಿ ನೋಡುವ ಹತ್ತಿಯ ಮೋಡದಂಥ ‘ಜೀರೊ ಟ್ವಿಸ್ಟ್’ ಟವೆಲಿನ ಗುಟ್ಟು ಅದೇ.

ಎರಡನೆಯ ಜಾಗ ಆಸ್ಪತ್ರೆ. ಕೀವು, ನೀರು ಸೋರುವ ಗಾಯದಲ್ಲಿ ಸೋಡಿಯಂ ಇರುತ್ತದೆ. ಆಲ್ಜಿನೇಟ್ ನಾರಿನ ಪಟ್ಟಿಯನ್ನು ಅಲ್ಲಿಟ್ಟರೆ ನಾರು ನಿಧಾನವಾಗಿ ಲೋಳೆಯಾಗಿ ಗಾಯವನ್ನು ತೇವವಾಗಿಡುತ್ತದೆ, ಬಿಡಿಸುವಾಗ ಹೊಸ ಚರ್ಮವನ್ನು ಕಿತ್ತುಕೊಂಡು ಬರುವುದಿಲ್ಲ. 1980ರ ದಶಕದಿಂದ ಇದು ದೊಡ್ಡ ಉದ್ಯಮ. ಮಧುಮೇಹಿಗಳ ಕಾಲಿನ ಹುಣ್ಣಿಗೆ ವೈದ್ಯರು ಬರೆದುಕೊಡುವ ದುಬಾರಿ ಪಟ್ಟಿಗಳಲ್ಲಿ ಇದೂ ಒಂದು. ಬೆಂಕಿಯ ವಿಷಯದಲ್ಲಿಯೂ ಇದು ಹತ್ತಿಗಿಂತ ಮೇಲು: ಜ್ವಾಲೆ ತೆಗೆದ ಕೂಡಲೆ ತಾನಾಗಿ ಆರುತ್ತದೆ. ಚೀನಾದ ಚಿಂಗ್‌ದಾವ್ ನಗರದಲ್ಲಿ ಈ ಗುಣಗಳಿಗಾಗಿಯೇ ಕಡಲಕಳೆಯ ನಾರನ್ನು ಕಾರ್ಖಾನೆಯ ಮಟ್ಟದಲ್ಲಿ ತೆಗೆಯುತ್ತಾರೆ, ಬೇರೆ ನಾರುಗಳ ಜತೆ ಬೆರೆಸುತ್ತಾರೆ. ಅಮೆರಿಕದ ಕೀಲ್ ಲ್ಯಾಬ್ಸ್ ಎಂಬ ಸಂಸ್ಥೆ ‘ಕೆಲ್ಸನ್’ ಎಂಬ ಹೆಸರಿನಲ್ಲಿ ಬಟ್ಟೆಗೇ ಆಗುವ ಕಳೆಯ ನೂಲಿನ ಬೆನ್ನು ಹತ್ತಿದೆ. 2023ರಲ್ಲಿ ಪ್ಯಾರಿಸ್ಸಿನ ಫ್ಯಾಷನ್ ವೇದಿಕೆಯ ಮೇಲೆ ಅದರಿಂದ ಹೆಣೆದ ಉಡುಪು ಬಂತು. ವೇದಿಕೆಯ ಮೇಲೆ ನಡೆದು ತೋರಿಸುವ ಉಡುಪಿಗೂ ವಾರಕ್ಕೊಮ್ಮೆ ಕಲ್ಲಿಗೆ ಬಡಿಯುವ ಸೀರೆಗೂ ನಡುವೆ ಇರುವ ದೂರವನ್ನು ನೇಕಾರರಿಗೆ ನಾನು ಹೇಳಬೇಕಿಲ್ಲ.

ಇನ್ನು ನೀವು ಬರೆದ ‘ರಾಸಾಯನಿಕ ಬಳಸದೆ’ ಎಂಬ ಮಾತಿಗೆ ಬರುತ್ತೇನೆ. ಸೋಡಾ ರಾಸಾಯನಿಕವೇ, ಉಪ್ಪೂ ರಾಸಾಯನಿಕವೇ. ಯಾವುದನ್ನು ಹಾಕಿದಿರಿ, ಎಷ್ಟು ನೀರು ಸುರಿದಿರಿ, ಕೊನೆಗೆ ಆ ನೀರು ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳಬೇಕು. ಕಡಲಕಳೆಯ ನೂಲಿನ ಪ್ರಚಾರವೆಲ್ಲ ಎಳೆ ತೆಗೆಯುವ ಹಂತವನ್ನು ತೋರಿಸುತ್ತದೆ, ಯಾಕೆಂದರೆ ಅದು ನಿಜಕ್ಕೂ ಚೊಕ್ಕಟ. ಹಳೆಯ ವಿಸ್ಕೋಸ್ ವಿಧಾನದಲ್ಲಿ ಕಾರ್ಬನ್ ಡೈಸಲ್ಫೈಡ್ ಬೇಕು, ಅದು ಕಾರ್ಮಿಕರ ನರಮಂಡಲವನ್ನೇ ಕೆಡಿಸುವ ವಸ್ತು. ಆಲ್ಜಿನೇಟಿಗೆ ಬರಿಯ ನೀರು ಮತ್ತು ಕ್ಯಾಲ್ಸಿಯಂ ಉಪ್ಪು ಸಾಕು. ಒಂದು ಕೆ.ಜಿ. ಸೋಡಿಯಂ ಆಲ್ಜಿನೇಟ್ ಎಳೆಯಾಗಲು ಸುಮಾರು 100 ಗ್ರಾಂ ಕ್ಯಾಲ್ಸಿಯಂ ಒಳಗೆ ಹೋಗುತ್ತದೆ, ಸುಮಾರು 300 ಗ್ರಾಂ ಅಡುಗೆ ಉಪ್ಪು ಹೊರಗೆ ಬರುತ್ತದೆ. ಅಷ್ಟೇ. ಮರದ ನಾರಿಗೆ ಬೇಕಾದ ನೆಲವೂ ಇದಕ್ಕೆ ಬೇಡ. ನೆಲದ ಬೆಲೆ ಏನೆಂದು ನಮ್ಮವರಿಗೆ ಗೊತ್ತು. 1987ರ ನವೆಂಬರಿನಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನ ಜನ ತಮ್ಮ ಗೋಮಾಳದಲ್ಲಿ ತಿರುಳಿಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು ಬೇರೆ ಮರಗಳನ್ನು ಹಚ್ಚಿದ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹದ ಹಿಂದೆ ಇದ್ದದ್ದು ನಾರಿನ ಹಸಿವೇ.

ಆದರೆ ಕೊಳೆ ಇರುವುದು ಎಳೆ ತೆಗೆಯುವುದಕ್ಕಿಂತ ಮುಂಚೆ, ಕಳೆಯಿಂದ ಆಲ್ಜಿನೇಟ್ ಬಿಡಿಸುವಾಗ. ರೂಢಿಯ ವಿಧಾನ ಹೀಗೆ. ಕಳೆಯಲ್ಲಿರುವ ಕಂದು ಬಣ್ಣದ ಒಗರು ಪದಾರ್ಥ ಸಾರಕ್ಕೆ ಇಳಿಯದಿರಲಿ ಎಂದು ಮೊದಲು ಫಾರ್ಮಲಿನ್‌ನಲ್ಲಿ ನೆನೆಸುತ್ತಾರೆ. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಖನಿಜಗಳನ್ನು ಹೊರಹಾಕುತ್ತಾರೆ. ಬಿಸಿ ಸೋಡಾ ನೀರಿನಲ್ಲಿ ಒಂದೆರಡು ಗಂಟೆ ಬೇಯಿಸಿದಾಗ ಆಲ್ಜಿನೇಟ್ ಕರಗಿ ಇಡೀ ಕಡಾಯಿ ಅಂಟಾಗುತ್ತದೆ. ಇಲ್ಲಿಯೇ ಎಲ್ಲರೂ ಸಿಕ್ಕಿಬೀಳುವುದು. ಆ ಅಂಟು ಯಾವ ಬಟ್ಟೆಯಲ್ಲಿಯೂ ಸೋಸುವುದಿಲ್ಲ. ಆಲ್ಜಿನೇಟ್ ನೂರಕ್ಕೆ ಒಂದು ಪಾಲಿಗಿಂತ ಕಡಿಮೆಯಾಗುವಷ್ಟು ನೀರು ಬೆರೆಸಿ ತೆಳು ಮಾಡಲೇಬೇಕು, ಅಂದರೆ ಒಂದು ಕೆ.ಜಿ.ಗೆ ಈ ಒಂದು ಹಂತದಲ್ಲಿಯೇ 100 ಲೀಟರಿಗೂ ಹೆಚ್ಚು ಸಿಹಿನೀರು. ಆಮೇಲೆ ಬಿಳಿ ಮಾಡಲು ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ಬ್ಲೀಚು, ಮತ್ತೆ ಆಮ್ಲ, ಮತ್ತೆ ಸೋಡಾ, ಒಣಗಿಸಲು ಬಿಸಿಗಾಳಿ. ಕಳೆ ಬೆಳೆಯಲು ಒಂದು ತೊಟ್ಟು ಸಿಹಿನೀರೂ ಬೇಡ ಎಂದು ಚೀಟಿಯಲ್ಲಿ ಬರೆಯುವವರು ಈ ನೂರು ಲೀಟರಿನ ಮಾತು ಎತ್ತುವುದಿಲ್ಲ.

ಇವುಗಳಲ್ಲಿ ಯಾವುದನ್ನು ಬಿಡಬಹುದು? ಫಾರ್ಮಲಿನ್ ಅನ್ನು ಯೋಚಿಸದೆ ಬಿಡಿ, ಕ್ಯಾನ್ಸರ್‌ಕಾರಕ ಅದು. ಬಿಟ್ಟರೆ ನೂಲು ಗೋಧಿ ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ ನಷ್ಟ. ಹಾಗೆಯೇ ಬಿಳುಪು ಮಾಡುವುದನ್ನೂ ಬಿಡಬಹುದು, ಬಿಳಿ ಬೇಕೇ ಬೇಕೆಂದರೆ ಕ್ಲೋರಿನ್ ಬದಲು ಹೈಡ್ರೋಜನ್ ಪೆರಾಕ್ಸೈಡ್. ಆದರೆ ಅದರಲ್ಲಿ ಕೈ ಹೆಚ್ಚಾದರೆ ಸರಗಳು ತುಂಡಾಗಿ ಎಳೆ ಸಡಿಲವಾಗುತ್ತದೆ. ಹೈಡ್ರೋಕ್ಲೋರಿಕ್ ಜಾಗಕ್ಕೆ ಸಿಟ್ರಿಕ್ ಆಮ್ಲ ಬರಬಹುದು. ಮರಳು ತೊಳೆಯುವ ಮೊದಲ ಎರಡು ಸುತ್ತಿಗೆ ಸಮುದ್ರದ ನೀರೇ ಸಾಕು. ಕಿಣ್ವ ಬಳಸಿ ಕಳೆಯ ಗೋಡೆಯನ್ನು ಸಡಿಲಿಸುವ, ಶ್ರವಣಾತೀತ (ಅಲ್ಟ್ರಾಸೌಂಡ್) ತರಂಗ ಹಾಯಿಸುವ ವಿಧಾನಗಳು ಪ್ರಯೋಗಾಲಯಗಳಲ್ಲಿ ಚೆನ್ನಾಗಿ ನಡೆಯುತ್ತವೆ, ಸಂಘದ ಮಟ್ಟಕ್ಕೆ ಅವುಗಳ ಖರ್ಚು ಹೊಂದುವುದಿಲ್ಲ. ಇವೆಲ್ಲಕ್ಕಿಂತ ನನಗೆ ಹಿಡಿಸಿದ ಯೋಚನೆ ಗುಜರಾತಿನ ಭಾವನಗರದಲ್ಲಿರುವ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆಯದು. ಅವರು ಕೆಂಪು ಕಳೆಯೊಂದನ್ನು ಹಸಿಯಾಗಿಯೇ ಅರೆದು, ಹಿಂಡಿ, ರಸವನ್ನು ಬೆಳೆಗಳಿಗೆ ಸಿಂಪಡಿಸುವ ಪೋಷಕವಾಗಿ ತೆಗೆದು, ಹಿಪ್ಪೆಯಿಂದ ಮಾತ್ರ ಅಂಟು ತೆಗೆಯುವ ಕ್ರಮ ರೂಪಿಸಿದರು. ಒಣಗಿಸುವಾಗ ಸುಮ್ಮನೆ ಆವಿಯಾಗಿ ಹೋಗುತ್ತಿದ್ದ ನೀರಿನಿಂದಲೇ ಆದಾಯ ಬಂತು. ಪರಿಸರಸ್ನೇಹಿ ಎಂಬ ಪದಕ್ಕೆ ತಕ್ಕ ಕೆಲಸವೆಂದರೆ ಅದು.

ಈಗ ನಿಮ್ಮ ಬಂಡೆಯ ಮೇಲಿನ ಕಳೆ. ನೀವು ಹೇಳಿದ ಲಕ್ಷಣ ನೋಡಿದರೆ, ಸಣ್ಣ ಸಣ್ಣ ಗಾಳಿಗುಳ್ಳೆಗಳಿದ್ದರೆ ಅದು ಸರ್ಗಾಸಮ್. ಬೀಸಣಿಗೆಯಂತೆ ಸುರುಳಿಯಾಗಿದ್ದರೆ ಪಡಾಯಿನಾ. ಎರಡರಲ್ಲಿಯೂ ಆಲ್ಜಿನೇಟ್ ಇದೆ. ಆದರೆ ಆಲ್ಜಿನೇಟ್ ಉದ್ಯಮದವರು ಕೈಗೆ ಬೇರೇನೂ ಸಿಗದಾಗ ಮಾತ್ರ ಸರ್ಗಾಸಮ್ ಮುಟ್ಟುತ್ತಾರೆ. ಅದರಲ್ಲಿ ಇಳುವರಿ ಕಡಿಮೆ, ಪಾಕ ತೆಳು, ಸರಗಳು ಗಿಡ್ಡ. ಗಿಡ್ಡ ಸರದ ನೂಲು ಗಿಡ್ಡ ಎಸಳಿನ ಹತ್ತಿಯ ನೂಲಿನಂತೆ. ನೂಲಿಗೆ ಒಪ್ಪುವ ದೊಡ್ಡ ಕೆಲ್ಪ್ ಕಳೆಗಳು ತಣ್ಣನೆಯ ಕಡಲಿನವು, ನಮ್ಮ ಅರಬ್ಬೀ ತೀರದಲ್ಲಿ ಬೆಳೆಯುವುದಿಲ್ಲ. ಲೆಕ್ಕ ಹಾಕಿ ನೋಡೋಣ. ನೂರು ಕೆ.ಜಿ. ಹಸಿ ಕಳೆ ಒಣಗಿದರೆ ಹನ್ನೆರಡರಿಂದ ಹದಿನೈದು ಕೆ.ಜಿ. ಐದರಲ್ಲೊಂದು ಪಾಲು ಆಲ್ಜಿನೇಟ್ ಬಂತೆಂದರೂ ಎರಡೂವರೆ ಮೂರು ಕೆ.ಜಿ. ಅರ್ಧ ಕೆ.ಜಿ. ತೂಗುವ ಒಂದು ಸೀರೆಯಷ್ಟು ನಾರಿಗೆ ಇಪ್ಪತ್ತು ಕೆ.ಜಿ. ಹಸಿ ಕಳೆ ಬೇಕು. ವರ್ಷಕ್ಕೆ ನೂರು ಸೀರೆ ಎಂದರೆ ಎರಡು ಟನ್, ಅಷ್ಟನ್ನು ಬಂಡೆಯಿಂದಲೇ ಕೆರೆಯತೊಡಗಿದರೆ ನಿಮ್ಮ ಊರಿನ ಮೀನುಗಾರರೇ ಜಗಳಕ್ಕೆ ಬರುತ್ತಾರೆ, ಬರಲೂ ಬೇಕು. ಮರಿ ಮೀನು, ಏಡಿ ಅಡಗುವುದು ಅದರಡಿಯಲ್ಲಿ. ದಡಕ್ಕೆ ಬಂದು ಬಿದ್ದದ್ದನ್ನು ಅಂದೇ ಎತ್ತಿಕೊಳ್ಳಿ. ಬಂಡೆಯದನ್ನು ಕೊಯ್ಯಲೇಬೇಕಾದರೆ ಬುಡ ಬಿಟ್ಟು ಕುಡುಗೋಲಿನಲ್ಲಿ ಕೊಯ್ಯಿರಿ. ಕಿತ್ತರೆ ಆ ಜಾಗದಲ್ಲಿ ಮತ್ತೆ ಚಿಗುರುವುದಿಲ್ಲ.

ಸಹಾಯಧನದ ಪ್ರಶ್ನೆಯಲ್ಲಿ ಒಂದು ಗೊಂದಲವಿದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಕಡಲಕಳೆಗೆಂದು 640 ಕೋಟಿ ರೂಪಾಯಿ ಎತ್ತಿಟ್ಟಿದ್ದರು, ಬಿದಿರಿನ ತೆಪ್ಪಕ್ಕೂ ಹಗ್ಗಕ್ಕೂ ನೆರವು ಇರಿಸಿದ್ದರು. ಆದರೆ ತಮಿಳುನಾಡಿನ ರಾಮನಾಥಪುರದ ಕಡೆ ಮಹಿಳಾ ಸಂಘಗಳು ತೆಪ್ಪದಲ್ಲಿ ಮುಖ್ಯವಾಗಿ ಬೆಳೆಯುವುದು ಕಪ್ಪಾಫೈಕಸ್ ಎಂಬ ಕೆಂಪು ಕಳೆ. ಅದರಲ್ಲಿರುವುದು ಕ್ಯಾರಗೀನನ್, ಐಸ್‌ಕ್ರೀಮ್, ಟೂತ್‌ಪೇಸ್ಟಿಗೆ ಹೋಗುವ ಅಂಟು. ಆಲ್ಜಿನೇಟ್ ಅದರಲ್ಲಿ ಇಲ್ಲ. ಅದನ್ನು ಬೆಳೆದು ಈ ನೂಲು ತೆಗೆಯಲು ಬರುವುದಿಲ್ಲ. ಜತೆಗೆ ಅದು ಹೊರನಾಡಿನ ಕಳೆ. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ ಅದು ಹಬ್ಬಿ ಹೊದ್ದುಕೊಂಡದ್ದು 2008ರಲ್ಲಿ ವರದಿಯಾಗಿದೆ. ಭಟ್ಕಳದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳ ಇರುವ ನಮ್ಮ ತೀರದಲ್ಲಿ ಅದನ್ನು ತರುವ ಮುಂಚೆ ನಾನು ಹತ್ತು ಸಲ ಯೋಚಿಸುತ್ತೇನೆ. ಇನ್ನು ಜೂನ್ ಬಂತೆಂದರೆ ನಮ್ಮ ಕಡಲಿನಲ್ಲಿ ಬಿದಿರಿನ ತೆಪ್ಪ ನಿಲ್ಲುವ ಮಾತಿಲ್ಲ. ನದಿಗಳು ತರುವ ಸಿಹಿನೀರು ಉಳಿದ ಕಳೆಯನ್ನೂ ಕೊಲ್ಲುತ್ತದೆ.

ಹಾಗಾಗಿ ನನ್ನ ಸಲಹೆ ಎರಡು ತುಂಡಾಗಿದೆ. ದಡದ ಕಳೆಯನ್ನು ನೂಲಿಗೆ ಕೊಡಬೇಡಿ, ಗಿಡಕ್ಕೆ ಕೊಡಿ. ತೊಳೆದು ಉಪ್ಪು ಬಿಡಿಸಿ ತೆಂಗಿನ ಬುಡಕ್ಕೆ ಹಾಕುವುದು ಕರಾವಳಿಗೆ ಹೊಸತಲ್ಲ. ಹಿಂಡಿದ ರಸವನ್ನು ಚೆನ್ನಾಗಿ ತೆಳು ಮಾಡಿ ಶಂಕರಪುರದ ಮಲ್ಲಿಗೆಯ ಒಂದೆರಡು ಗಿಡಗಳ ಮೇಲೆ ಪರೀಕ್ಷಿಸಿ. ಸಂಘಕ್ಕೆ ಬೇಗ ಕಾಸು ಬರುವ ದಾರಿ ಇದು.

ನೂಲಿನ ಆಸೆಯನ್ನು ನಿಮ್ಮ ಮಗ್ಗದ ಮೇಲೆಯೇ ತೀರಿಸಿಕೊಳ್ಳಿ, ಆದರೆ ಉಡುವ ನೂಲಾಗಿ ಅಲ್ಲ, ಕರಗುವ ನೂಲಾಗಿ. ಆಲ್ಜಿನೇಟ್ ಪುಡಿಯನ್ನು ಕೊಂಡುಕೊಳ್ಳಿ, ಸಿರಿಂಜಿನಲ್ಲಿ ಎಳೆದು ಕೆಲವು ಎಳೆಗಳನ್ನು ಸೇರಿಸಿ ಹುರಿ ಮಾಡಿ, ಲಾಳಿಯೊಳಗಿನ ಒಂದು ಕಂಡಿಕೆಯಾಗುವಷ್ಟು ಸುತ್ತಿ. ಹಾಸು ಪೂರ್ತಿ ಹತ್ತಿಯದೇ ಇರಲಿ, ಗಂಜಿ ಎಂದಿನಂತೆ. ಹೊಕ್ಕಿನಲ್ಲಿ ನಾಲ್ಕೆಳೆ ಹತ್ತಿ, ನಾಲ್ಕೆಳೆ ಆಲ್ಜಿನೇಟ್ ಎಂದು ಗೇಣುದ್ದ ನೇಯಿರಿ. ಒಂದು ಎಚ್ಚರ: ಹತ್ತಿಯ ನೂಲಿಗೆ ಬಣ್ಣ ಮೊದಲೇ ಹಾಕಿಸಿ ಆರಿಸಿರಬೇಕು. ರಿಯಾಕ್ಟಿವ್ ಬಣ್ಣ ಹಿಡಿಯಲು ಸೋಡಾ ಬೇಕು, ನೀಲಿ (ಇಂಡಿಗೋ) ಬಣ್ಣದ ತೊಟ್ಟಿಯಲ್ಲಿಯೂ ಕ್ಷಾರವಿರುತ್ತದೆ. ನೇಯ್ದ ಮೇಲೆ ಬಣ್ಣಕ್ಕೆ ಅದ್ದಿದರೆ ಕರಗಬಾರದ ಹೊತ್ತಿನಲ್ಲಿ ಕರಗುತ್ತದೆ. ನೇಯ್ದ ತುಂಡನ್ನು ಚೌಕಟ್ಟಿಗೆ ಬಿಗಿದು ಉಗುರುಬೆಚ್ಚನೆಯ ಸೋಡಾ ನೀರಿನಲ್ಲಿ ಇಳಿಬಿಡಿ. ಆಲ್ಜಿನೇಟ್ ಹೋದ ಕಡೆ ಹಾಸಿನ ಎಳೆಗಳಷ್ಟೇ ನಿಂತು, ಸೆರಗಿಗೆ ಒಪ್ಪುವ ತೆರಪಿನ ಪಟ್ಟೆ ಮೂಡುತ್ತದೆ. ಅಂಚಿನಲ್ಲಿರುವ ಹತ್ತಿಯ ಎಳೆಗಳು ಜರುಗುತ್ತವೆಯೇ ಎಂಬುದೊಂದೇ ನನಗಿರುವ ಅನುಮಾನ. ಜರುಗಿದರೆ ತೆರಪಿನ ಎರಡೂ ಬದಿಗೆ ಹೊಕ್ಕಿನ ಒಂದೆರಡು ಎಳೆಗಳನ್ನು ಹಾಸಿನ ಎಳೆಗಳಿಗೆ ಹೆಣೆದು ಕಟ್ಟಿಕೊಂಡು ಮುಂದುವರಿಯಿರಿ. ಸೋಡಾ ನೀರಿನಲ್ಲಿ ಉಳಿಯುವುದು ಕರಗಿದ ಆಲ್ಜಿನೇಟ್ ಮತ್ತು ಸ್ವಲ್ಪ ಸುಣ್ಣದ ಪುಡಿ. ಕಳೆಯ ಸಕ್ಕರೆಗಳನ್ನು ತಿನ್ನುವ ಸೂಕ್ಷ್ಮಜೀವಿಗಳು ಸಾಕಷ್ಟಿವೆ, ಆದರೂ ಸೋಡಾ ಇರುವುದರಿಂದ ಆ ನೀರನ್ನು ಗಿಡಕ್ಕೆ ಹೊಯ್ಯಬೇಡಿ, ಇಂಗುಗುಂಡಿಗೆ ಬಿಡಿ.

ಸೋಡಾ ನೀರಿಗೆ ಇಳಿಸುವ ಮುಂಚೆ ತುಂಡನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ತೊಳೆದು, ಪೂರ್ತಿ ಒಣಗಿಸಿ ಮತ್ತೆ ತೂಗಿ. ಕಳೆದುಹೋದ ತೂಕ ಹೊಕ್ಕಿಗೆ ಹಾಕಿದ ಆಲ್ಜಿನೇಟಿನ ತೂಕಕ್ಕಿಂತ ಕಡಿಮೆ ಇದ್ದರೆ ನಿಮ್ಮ ನೀರು ಗಡಸು, ಅಥವಾ ಸೋಡಾ ಸಾಲದು. ಹಾಸಿನ ಗಂಜಿಯೂ ಸ್ವಲ್ಪ ಹೋಗಿರುತ್ತದೆ, ಆ ಲೆಕ್ಕವನ್ನು ಬೇರೆ ತೆಗೆಯಿರಿ. ಎರಡೂ ಅಂಕಿಗಳನ್ನು, ಬಟ್ಟೆಯ ಒಂದು ಅಂಗುಲದ ತುಂಡಿನೊಂದಿಗೆ ನನಗೆ ಕಳುಹಿಸಿಕೊಡಿ.